ಮಂಜುಗಡ್ಡೆ ದಾಟಿ ಬಂದ ಮಠ

ಹೊಸ ಮಠ ಕಟ್ಟುವುದು ಅಂದರೆ ಜಾಗ ನೋಡುವುದು, ನಕ್ಷೆ ಹಾಕಿಸುವುದು, ಪಾಯ ತೋಡುವುದು, ಆಮೇಲೆ ಸನ್ಯಾಸಿಗಳು ಬಂದು ಸೇರುವುದು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಫಿನ್ಲೆಂಡಿನ ಹೊಸ ವಾಲಮೊ ಮಠದಲ್ಲಿ ಆದದ್ದು ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಮೊದಲು ಬಂದವರು ಸನ್ಯಾಸಿಗಳು, ಅದೂ ಯುದ್ಧದಲ್ಲಿ ಮನೆ ಕಳೆದುಕೊಂಡು. ಅವರ ಜೊತೆ ಐಕಾನುಗಳು, ಅಂದರೆ ಕ್ರಿಸ್ತ, ದೇವಮಾತೆ, ಸಂತರ ಪೂಜಾಚಿತ್ರಗಳು ಬಂದವು, ಪುಸ್ತಕಗಳು ಬಂದವು. ಬಂದ ವರ್ಷವೇ ಪ್ರಾರ್ಥನೆ ಶುರುವಾಯಿತು. ಆದರೆ ಇವತ್ತು ಹೋದವರ ಕಣ್ಣಿಗೆ ಮೊದಲು ಬೀಳುವ ಆ ಬಿಳಿ ಚರ್ಚ್ ಎದ್ದದ್ದು 1977ರಲ್ಲಿ. ಅಂದರೆ ಮಠ ಬಂದು 37 ವರ್ಷ ಆದ ಮೇಲೆ.

ಹಾಗಾದರೆ ಆ 37 ವರ್ಷ ಅಲ್ಲಿ ಇದ್ದದ್ದೇನು? ಕಟ್ಟಡ ಇಲ್ಲದೆಯೂ ಮಠ ಇರಬಹುದಾ? ಈ ಪ್ರಶ್ನೆ ಹಿಡಿದುಕೊಂಡು ಹೋದರೆ ಆರ್ಥೊಡಾಕ್ಸ್ ಮಠ ಅಂದರೆ ಏನು, ಅದರ ಚರ್ಚಿಗೆ ಆ ಆಕಾರ ಯಾಕೆ ಅನ್ನುವುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಈ ಆರ್ಥೊಡಾಕ್ಸ್ ಯಾರು?

ನಮ್ಮ ಊರುಗಳಲ್ಲಿ ಜಾಸ್ತಿ ಕಾಣುವುದು ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಚರ್ಚುಗಳು. ಕ್ರೈಸ್ತರಲ್ಲಿ ಮೂರನೆಯ ದೊಡ್ಡ ಬಳಗವೇ ಆರ್ಥೊಡಾಕ್ಸ್. ಗ್ರೀಸ್, ರಷ್ಯಾ, ರೊಮೇನಿಯಾ, ಸೆರ್ಬಿಯಾ, ಬಲ್ಗೇರಿಯಾ ಈ ದೇಶಗಳ ಮುಖ್ಯ ಕ್ರೈಸ್ತ ಪರಂಪರೆ ಇದೇ. ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ನಡುವೆ ಹಲವು ಶತಮಾನ ಬೆಳೆದ ಬಿರುಕಿಗೆ 1054ನ್ನು ಗುರುತಿನ ವರ್ಷ ಅಂತ ಹೇಳುವುದು ರೂಢಿ. ಇವರಿಗೆ ಪೋಪ್ ಇಲ್ಲ. ಒಂದೊಂದು ದೇಶದ ಚರ್ಚ್ ತನ್ನ ಆಡಳಿತ ತಾನೇ ನೋಡಿಕೊಳ್ಳುತ್ತದೆ, ನಂಬಿಕೆ ಮತ್ತು ಆರಾಧನೆ ಮಾತ್ರ ಎಲ್ಲರದ್ದೂ ಒಂದೇ.

ಉಡುಪಿ ಕಡೆಯವರು ಇಲ್ಲಿ ಒಂದು ಮಾತು ಕೇಳಬಹುದು: ನಮ್ಮ ಬ್ರಹ್ಮಾವರದಲ್ಲೂ ಆರ್ಥೊಡಾಕ್ಸ್ ಸಿರಿಯನ್ ಚರ್ಚ್ ಇದೆಯಲ್ಲ? ಇದೆ. 19ನೆಯ ಶತಮಾನದ ಕೊನೆಯಲ್ಲಿ ಬಿಷಪ್ ಅಲ್ವಾರಿಸ್ ಮತ್ತು ಫಾದರ್ ನೊರೊನ್ಹಾ ಅವರ ಕಾಲದಲ್ಲಿ ಬೆಳೆದ ಸಮುದಾಯ ಅದು. ಆದರೆ ಅದು ಕೇರಳದ ಮಲಂಕರ ಸಭೆಗೆ ಸೇರಿದ್ದು, ಅರ್ಮೇನಿಯಾ, ಇಥಿಯೋಪಿಯಾ, ಈಜಿಪ್ಟಿನ ಸಭೆಗಳ ಬಳಗ. ಆ ಬಳಗ ಮತ್ತು ಗ್ರೀಕ್-ರಷ್ಯನ್ ಬಳಗ ಬೇರೆಯಾದದ್ದು ಇನ್ನೂ ಹಿಂದೆ, 451ರಲ್ಲಿ ಕಾಲ್ಸಿಡನ್ ಅನ್ನುವ ಊರಲ್ಲಿ ನಡೆದ ಬಿಷಪ್‌ಗಳ ಸಮ್ಮೇಳನದ ನಂತರ. ಹೆಸರು ಒಂದೇ, ಮನೆತನ ಬೇರೆ. ಈ ಲೇಖನದ ಮಠ ಗ್ರೀಕ್-ರಷ್ಯನ್ ಮನೆತನದ್ದು.

ಫಿನ್ಲೆಂಡಿನಲ್ಲಿ ಆರ್ಥೊಡಾಕ್ಸ್ ಕ್ರೈಸ್ತರು ನೂರಕ್ಕೆ ಒಬ್ಬರಷ್ಟು ಮಾತ್ರ. ಉಳಿದವರಲ್ಲಿ ಬಹುಪಾಲು ಲೂಥರನ್. ಆದರೂ ಲೂಥರನ್ ಚರ್ಚಿನ ಹಾಗೇ ಆರ್ಥೊಡಾಕ್ಸ್ ಚರ್ಚಿಗೂ ಅಲ್ಲಿ ಕಾನೂನಿನಲ್ಲಿ ವಿಶೇಷ ಸ್ಥಾನ ಇದೆ. ಕಾರಣ ಪೂರ್ವದ ಗಡಿ. ಕರೇಲಿಯಾ ಅನ್ನುವ ಆ ಗಡಿನಾಡಿನ ಜನ ಶತಮಾನಗಳಿಂದ ಆರ್ಥೊಡಾಕ್ಸ್. ಅವರ ಹೃದಯ ಇದ್ದದ್ದು ಲಡೋಗಾ ಸರೋವರದ ನಡುವೆ.

ದ್ವೀಪದ ಮಠ

ಲಡೋಗಾ ಯುರೋಪಿನ ಅತಿ ದೊಡ್ಡ ಸರೋವರ. ದಡದಲ್ಲಿ ನಿಂತರೆ ಸಮುದ್ರವೇ ಸರಿ. ಅದರ ಉತ್ತರ ಭಾಗದಲ್ಲಿ ಬಂಡೆಯ ದ್ವೀಪಗಳ ಒಂದು ಗುಂಪು ಇದೆ. ರಷ್ಯನ್ನರು ಅದನ್ನು ವಲಾಮ್ ಅನ್ನುತ್ತಾರೆ, ಫಿನ್ನಿಷರು ವಾಲಮೊ. ಸೆರ್ಗೆಯ್ ಮತ್ತು ಹೆರ್ಮನ್ ಅನ್ನುವ ಇಬ್ಬರು ಸನ್ಯಾಸಿಗಳು ಅಲ್ಲಿ ಮಠ ಶುರುಮಾಡಿದರು ಅನ್ನುತ್ತದೆ ಪರಂಪರೆ. ಯಾವಾಗ ಅನ್ನುವುದರಲ್ಲಿ ಮಾತ್ರ ವಿದ್ವಾಂಸರಿಗೆ ಒಮ್ಮತ ಇಲ್ಲ. ಕೆಲವರು 12ನೆಯ ಶತಮಾನ ಅನ್ನುತ್ತಾರೆ, ಕೆಲವರು 14ನೆಯ ಶತಮಾನದ ಕೊನೆ ಅನ್ನುತ್ತಾರೆ.

ದ್ವೀಪದ ಮಠ ಹಲವು ಸಲ ಹಾಳಾಗಿ ಮತ್ತೆ ಎದ್ದಿತು. 1611ರಲ್ಲಿ ಸ್ವೀಡನ್ನಿನ ಪಡೆ ಅದನ್ನು ನೆಲಸಮ ಮಾಡಿತು. ನೂರು ವರ್ಷ ಪಾಳು. ಆಮೇಲೆ ತ್ಸಾರ್ ಪೀಟರನ ಕಾಲದಲ್ಲಿ ಮತ್ತೆ ಶುರು. 1839ರಿಂದ 1881ರವರೆಗೆ ಮಠಾಧೀಶರಾಗಿದ್ದ ದಮಸ್ಕಿನ್ ಅವರ ಕಾಲವೇ ಅದರ ಸುವರ್ಣಯುಗ. ಅವರ ನಂತರ, 1896ರಲ್ಲಿ ದೊಡ್ಡ ಕತೀಡ್ರಲ್ ಮುಗಿಯಿತು. ಎರಡು ಅಂತಸ್ತು. ಕೆಳಗಡೆ ಸೆರ್ಗೆಯ್ ಮತ್ತು ಹೆರ್ಮನ್ ಹೆಸರಿನ ಚರ್ಚ್, ಮೇಲ್ಗಡೆ ಕ್ರಿಸ್ತನ ರೂಪಾಂತರದ ಚರ್ಚ್. ಬೆಟ್ಟದ ಮೇಲೆ ಯೇಸುವಿನ ಮುಖ ಸೂರ್ಯನ ಹಾಗೆ ಹೊಳೆದದ್ದನ್ನು ಮೂವರು ಶಿಷ್ಯರು ಕಂಡರು ಅನ್ನುವ ಘಟನೆಯ ನೆನಪಿಗೆ ಆ ಹೆಸರು. ಗಂಟೆ ಗೋಪುರದ ಎತ್ತರ 72 ಮೀಟರ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದ್ವೀಪದ ಮೇಲೆ ಸಾವಿರದಷ್ಟು ಜನ ಇದ್ದರು.

1917ರಲ್ಲಿ ಫಿನ್ಲೆಂಡ್ ಸ್ವತಂತ್ರವಾಯಿತು. ವಾಲಮೊ ಫಿನ್ಲೆಂಡಿನ ಪಾಲಿಗೆ ಬಂತು. ಗಡಿಯ ಈಚೆ ಬಿದ್ದದ್ದರಿಂದಲೇ ಅದು ಉಳಿದುಕೊಂಡಿತು ಅನ್ನಬೇಕು. ಆಚೆ ಸೋವಿಯತ್ ಸರಕಾರ ಒಂದಾದ ಮೇಲೊಂದು ಮಠ ಮುಚ್ಚಿಸುತ್ತಿದ್ದ ಕಾಲ ಅದು. ಆದರೆ ರಷ್ಯಾದಿಂದ ಹೊಸ ಹುಡುಗರು ಬರುವುದು ನಿಂತುಹೋಯಿತು. ಇದ್ದವರಿಗೆ ವಯಸ್ಸಾಗುತ್ತಾ ಹೋಯಿತು.

1940ರ ಚಳಿಗಾಲ

1939ರ ನವೆಂಬರ್ 30ರಂದು ಸೋವಿಯತ್ ಒಕ್ಕೂಟ ಫಿನ್ಲೆಂಡಿನ ಮೇಲೆ ದಾಳಿ ಮಾಡಿತು. ಇದನ್ನು ಚಳಿಗಾಲದ ಯುದ್ಧ ಅಂತಲೇ ಕರೆಯುತ್ತಾರೆ. ಅದರ ಹಿಂದಿನ ಎಷ್ಟೋ ವರ್ಷಗಳಲ್ಲಿ ಕಾಣದಂಥ ಚಳಿ. 1940ರ ಫೆಬ್ರುವರಿಯಲ್ಲಿ ದ್ವೀಪದ ಮೇಲೆ ಬಾಂಬ್ ಬಿತ್ತು. ಇನ್ನು ಅಲ್ಲಿ ಇರುವ ಹಾಗಿರಲಿಲ್ಲ.

ಲಡೋಗಾ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಬೇಸಿಗೆಯಲ್ಲಿ ದೋಣಿ ಹೋಗುವ ದಾರಿಯಲ್ಲೇ ಈಗ ಮಂಜುಗಡ್ಡೆಯ ಮೇಲೆ ಸನ್ಯಾಸಿಗಳು ದಡಕ್ಕೆ ಬಂದರು. ಹೆಚ್ಚಿನವರು ಮುದುಕರು. ಜೊತೆಗೆ ತರಬಹುದಾದದ್ದನ್ನೆಲ್ಲ ತಂದರು: ಐಕಾನುಗಳು, ಆರಾಧನೆಯ ಬೆಳ್ಳಿ ಪಾತ್ರೆಗಳು, ಕಸೂತಿಯ ಉಡುಪುಗಳು, ಪುಸ್ತಕಗಳು. ತರಲಾಗದ್ದೂ ಇತ್ತು. ಕತೀಡ್ರಲ್ ತರಲಾಗುವುದಿಲ್ಲ. ಮಠ ಶುರುಮಾಡಿದ ಆ ಇಬ್ಬರ ಸಮಾಧಿಯನ್ನೂ ತರಲಾಗಲಿಲ್ಲ. ಅದು ಬಂಡೆಯ ಕೆಳಗೆ ಹಾಗೇ ಉಳಿಯಿತು.

ಮಾರ್ಚ್ 13ಕ್ಕೆ ಯುದ್ಧ ನಿಂತಿತು. ಒಪ್ಪಂದದಲ್ಲಿ ಫಿನ್ಲೆಂಡ್ ಕರೇಲಿಯಾದ ದೊಡ್ಡ ಭಾಗ ಬಿಟ್ಟುಕೊಡಬೇಕಾಯಿತು. 4 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಪಶ್ಚಿಮಕ್ಕೆ ಹೊರಟರು. ಫಿನ್ಲೆಂಡಿನ ಆರ್ಥೊಡಾಕ್ಸ್ ಜನರಲ್ಲಿ ಹೆಚ್ಚಿನವರು ಅದೇ ಸೀಮೆಯವರು. ಅವರಿಗೆ ಒಂದೇ ಸಲಕ್ಕೆ ಊರೂ ಹೋಯಿತು, ಚರ್ಚೂ ಹೋಯಿತು, ಹಿರಿಯರ ಸಮಾಧಿಗಳೂ ಹೋದವು. ಮಠದ ಕತೆಯನ್ನು ಇದರಿಂದ ಬಿಡಿಸಿ ನೋಡಬಾರದು. ಆಮೇಲಿನ ದಿನಗಳಲ್ಲಿ ಆ ಜನ ಮಠದ ಕಡೆ ಯಾಕೆ ಅಷ್ಟು ಆಸೆಯಿಂದ ನೋಡಿದರು ಅನ್ನುವುದಕ್ಕೆ ಉತ್ತರ ಇಲ್ಲಿದೆ.

ಪಾದ್ರಿಯ ಭೂಶಿರ

ಸುಮಾರು 190 ಸನ್ಯಾಸಿಗಳಿಗೆ ಒಂದು ನೆಲೆ ಬೇಕಿತ್ತು. ಅದೇ ಬೇಸಿಗೆಯಲ್ಲಿ ಪೂರ್ವ ಫಿನ್ಲೆಂಡಿನ ಹೆಯ್ನಾವೆಸಿ ಅನ್ನುವ ಕಡೆ ಒಂದು ಜಮೀನು ಸಿಕ್ಕಿತು. ಹೆಯ್ನಾವೆಸಿ ಅಂದರೆ ಹುಲ್ಲು-ನೀರು. ಸುತ್ತ ಕಾಡು, ಸರೋವರ, ಮಧ್ಯೆ ಮಧ್ಯೆ ಹುಲ್ಲುಗಾವಲು. ಜಮೀನಿನ ಹೆಸರು ಪಪಿನ್ನಿಯೆಮಿ. ಫಿನ್ನಿಷ್ ಭಾಷೆಯಲ್ಲಿ 'ಪಪ್ಪಿ' ಅಂದರೆ ಪಾದ್ರಿ, 'ನಿಯೆಮಿ' ಅಂದರೆ ನೀರಿನೊಳಗೆ ಚಾಚಿದ ನೆಲ. ಪಾದ್ರಿಯ ಭೂಶಿರ. ಸನ್ಯಾಸಿಗಳು ಬರುವ ಮೊದಲೇ ಇದ್ದ ಹೆಸರು ಇದು. ಜಮೀನು ನೋಡಲು ಹೋದಾಗ ಆ ಮನೆಯಲ್ಲಿ ಸೆರ್ಗೆಯ್ ಮತ್ತು ಹೆರ್ಮನ್ ಅವರ ಐಕಾನ್ ಇತ್ತಂತೆ. ನಮಗಿಂತ ಮೊದಲೇ ಅವರು ಇಲ್ಲಿ ಬಂದಿದ್ದಾರೆ ಅಂತ ಸನ್ಯಾಸಿಗಳು ಅದನ್ನು ಶುಭಸೂಚನೆ ಎಂದುಕೊಂಡರು ಅನ್ನುವ ಮಾತು ಮಠದಲ್ಲಿ ಇವತ್ತಿಗೂ ಉಳಿದಿದೆ.

ಅಲ್ಲಿ ಇದ್ದದ್ದು ಒಂದು ದೊಡ್ಡ ಮನೆ, ಕೊಟ್ಟಿಗೆ, ಉಗ್ರಾಣದಂಥ ಕೃಷಿ ಕಟ್ಟಡಗಳು. ಚರ್ಚ್ ಇರಲಿಲ್ಲ. ಜಮೀನಿನ ಹಳೆಯ ಮರದ ಕಟ್ಟಡಗಳನ್ನೇ ಜೋಡಿಸಿ ಒಂದು ಚರ್ಚ್ ಮಾಡಿಕೊಂಡರು. ಸಾವಿರ ಜನ ನಿಲ್ಲುವ ಕತೀಡ್ರಲ್ಲಿನಿಂದ ಬಂದವರು, ತಗ್ಗು ಮಾಡಿನ ಕೆಳಗೆ ನಿಂತರು. ಹೊರಗಿನಿಂದ ನೋಡಿದರೆ ಅದು ಹಳ್ಳಿಮನೆಯ ಉಗ್ರಾಣ. ಬಾಗಿಲು ತೆಗೆದು ಒಳಗೆ ಹೋದರೆ ಲಡೋಗಾದಿಂದ ಬಂದ ಐಕಾನುಗಳು. ನನಗೆ ಇಡೀ ಮಠದಲ್ಲಿ ಅತಿ ಮುಖ್ಯ ಅನ್ನಿಸುವ ಕಟ್ಟಡ ಇದೇ. ಆ ಹಳೆ ಚರ್ಚ್ ಈಗಲೂ ಇದೆ.

ಯಾಕೆ ಮುಖ್ಯ ಅಂದರೆ, ಆರ್ಥೊಡಾಕ್ಸ್ ಚರ್ಚಿಗೆ ಕನಿಷ್ಠ ಏನು ಬೇಕು ಅನ್ನುವುದು ಅಲ್ಲಿ ಬೆತ್ತಲಾಗಿ ಕಾಣುತ್ತದೆ. ಗುಮ್ಮಟ ಇಲ್ಲದಿದ್ದರೂ ನಡೆಯುತ್ತದೆ. ಕಲ್ಲಿನ ಗೋಡೆ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಜಾಗ ಮೂರು ಭಾಗ ಆಗಲೇಬೇಕು, ಮತ್ತು ಆ ಮೂರರ ನಡುವೆ ಒಂದು ಗೋಡೆ ಇರಲೇಬೇಕು. ಆ ಗೋಡೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಚಿತ್ರಗಳ ಗೋಡೆ

ನಮ್ಮ ದೇವಸ್ಥಾನ ನೋಡಿದವರಿಗೆ ಆರ್ಥೊಡಾಕ್ಸ್ ಚರ್ಚ್ ಅರ್ಥ ಆಗುವುದು ಬೇಗ. ಮುಖಮಂಟಪ, ನವರಂಗ, ಗರ್ಭಗುಡಿ ಇದ್ದ ಹಾಗೆ ಅಲ್ಲೂ ಮೂರು. ಪಶ್ಚಿಮದಿಂದ ಒಳಗೆ ಬರಬೇಕು. ಮೊದಲು ಪಡಸಾಲೆ. ಹಿಂದಿನ ಕಾಲದಲ್ಲಿ ಇನ್ನೂ ದೀಕ್ಷಾಸ್ನಾನ ಆಗದವರು ಇಲ್ಲೇ ನಿಲ್ಲುತ್ತಿದ್ದರು. ಆಮೇಲೆ ಜನ ನಿಲ್ಲುವ ದೊಡ್ಡ ಅಂಗಳ. ಪೂರ್ವದ ಕೊನೆಗೆ ಬಲಿಪೀಠ ಇರುವ ಜಾಗ. ಸೂರ್ಯ ಹುಟ್ಟುವ ದಿಕ್ಕಿನಿಂದ ಕ್ರಿಸ್ತ ಮತ್ತೆ ಬರುತ್ತಾನೆ ಅನ್ನುವ ನಂಬಿಕೆಯಿಂದ ಎಲ್ಲರ ಮುಖವೂ ಪೂರ್ವಕ್ಕೆ. ಪಾದ್ರಿಯ ಮುಖವೂ ಅಷ್ಟೇ. ಅವರು ಜನರ ಕಡೆ ತಿರುಗಿ ನಿಂತು ನಡೆಸುವುದಿಲ್ಲ, ಜನರ ಜೊತೆ ಒಂದೇ ಕಡೆ ನೋಡುತ್ತಾ ನಡೆಸುತ್ತಾರೆ.

ಬಲಿಪೀಠಕ್ಕೂ ಜನರಿಗೂ ನಡುವೆ ಇರುವುದೇ ಐಕಾನ್‌ಗಳ ಗೋಡೆ, ಅವರ ಮಾತಿನಲ್ಲಿ ಐಕನೊಸ್ಟಾಸಿಸ್. ಅದನ್ನು ಓದಲು ಒಂದು ಕ್ರಮ ಇದೆ. ನಡುವೆ ಎರಡು ಕದದ ಬಾಗಿಲು, ರಾಜದ್ವಾರ ಅಂತ ಹೆಸರು. ಅದರ ಮೇಲೆ ಸಾಮಾನ್ಯವಾಗಿ ದೇವದೂತ ಗಬ್ರಿಯೇಲ್ ಮರಿಯಳಿಗೆ ಸುದ್ದಿ ತಂದ ಚಿತ್ರ, ಜೊತೆಗೆ ಸುವಾರ್ತೆ ಬರೆದ ನಾಲ್ವರು. ನೀವು ಎದುರಿಗೆ ನಿಂತರೆ ಬಾಗಿಲಿನ ಬಲಕ್ಕೆ ಕ್ರಿಸ್ತ, ಎಡಕ್ಕೆ ಮಗುವನ್ನು ಎತ್ತಿಕೊಂಡ ತಾಯಿ. ರಷ್ಯನ್ ಪದ್ಧತಿಯಲ್ಲಿ ಕ್ರಿಸ್ತನ ಪಕ್ಕದಲ್ಲಿ, ಇನ್ನೂ ಬಲಕ್ಕೆ, ಸಾಮಾನ್ಯವಾಗಿ ಆ ಚರ್ಚ್ ಯಾರ ಹೆಸರಿನದೋ ಆ ಐಕಾನ್. ಹಾಗಾಗಿ ಅಂಥ ಚರ್ಚಿಗೆ ಹೋದರೆ, ಗೊತ್ತಿಲ್ಲದ ಊರಾದರೂ, ಬಲಗಡೆ ಎರಡನೆಯ ಚಿತ್ರ ನೋಡಿ ಇದು ಯಾರ ಹೆಸರಿನ ಚರ್ಚ್ ಅಂತ ಹೆಚ್ಚಾಗಿ ಹೇಳಬಹುದು. ಅಕ್ಕಪಕ್ಕದ ಚಿಕ್ಕ ಬಾಗಿಲುಗಳ ಮೇಲೆ ದೇವದೂತರು ಅಥವಾ ಡೀಕನ್‌ಗಳಾಗಿದ್ದ (ಪಾದ್ರಿಯ ಸಹಾಯಕರಾಗಿದ್ದ) ಸಂತರು. ಗೋಡೆ ಎತ್ತರ ಇದ್ದರೆ ಮೇಲಿನ ಸಾಲಿನಲ್ಲಿ ವರ್ಷದ ದೊಡ್ಡ ಹಬ್ಬಗಳು.

ಈ ಗೋಡೆ ಮರೆ ಮಾಡಲು ಇದೆ ಅಂತ ಹೊರಗಿನವರಿಗೆ ಅನ್ನಿಸಬಹುದು. ಅವರು ಅದನ್ನು ಹಾಗೆ ನೋಡುವುದಿಲ್ಲ. ಆರಾಧನೆ ನಡೆಯುವಾಗ ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ, ತೆರೆ ಸರಿಯುತ್ತದೆ, ಪಾದ್ರಿ ಧೂಪ ಹಿಡಿದು ಹೊರಗೆ ಬರುತ್ತಾರೆ, ಒಳಗೆ ಹೋಗುತ್ತಾರೆ. ನೈವೇದ್ಯದ ಹೊತ್ತಿಗೆ ಗರ್ಭಗುಡಿಗೆ ತೆರೆ ಬೀಳುವುದು, ಮಂಗಳಾರತಿಗೆ ಸರಿಯುವುದು ನಮಗೆ ಗೊತ್ತಲ್ಲ? ತೆರೆ ಇದ್ದರೆ ತಾನೇ ತೆರೆಯುವುದು ಅನ್ನುವ ಕ್ಷಣ ಇರುವುದು. ಐಕಾನ್ ಅವರಿಗೆ ಕಿಟಕಿ. ಅದರಲ್ಲಿರುವವರು ಈಚೆ ನೋಡುತ್ತಿದ್ದಾರೆ ಅನ್ನುವ ಭಾವ. ಅದಕ್ಕೇ ಸಂತರ ಮುಖ ಸಾಮಾನ್ಯವಾಗಿ ನೇರವಾಗಿ ನಮ್ಮ ಕಡೆಗೇ ಇರುತ್ತದೆ, ಹಿಂದೆ ಆಕಾಶ ಮರಗಿಡ ಇರುವ ಕಡೆ ಬರೀ ಚಿನ್ನದ ಬಣ್ಣ ಇರುತ್ತದೆ.

ವಾಲಮೊದ ಅತಿ ಪ್ರೀತಿಯ ಐಕಾನ್ ಮಾತ್ರ ಸ್ವಲ್ಪ ಬೇರೆ. ದ್ವೀಪದಲ್ಲೇ 1878ರಲ್ಲಿ ಅಲಿಪಿ ಅನ್ನುವ ಸನ್ಯಾಸಿ ಬರೆದದ್ದು. ದೇವಮಾತೆ ಮೋಡದ ಮೇಲೆ ಬರಿಗಾಲಲ್ಲಿ ನಿಂತಿದ್ದಾಳೆ, ಮಗುವನ್ನು ಎದೆಯ ಮುಂದೆ ಹಿಡಿದಿದ್ದಾಳೆ. ಹಳೆಯ ಶೈಲಿಯ ಗಡಸು ಗೆರೆ ಇಲ್ಲ. 19ನೆಯ ಶತಮಾನದ ಚಿತ್ರಕಲೆಯ ಮೃದು ನೆರಳು ಬೆಳಕು ಇದೆ. ಕಟ್ಟುನಿಟ್ಟಿನ ಐಕಾನ್ ಕಲಾವಿದರಿಗೆ ಇದು ಅಷ್ಟು ರುಚಿಸದೆ ಇರಬಹುದು. ಆದರೆ ಮಂಜುಗಡ್ಡೆ ದಾಟಿ ಬಂದವರ ಜೊತೆ ಬಂದು, ಹೊಸ ನೆಲದಲ್ಲಿ ಅವರ ಮುಂದೆ ನಿಂತವಳು ಇವಳೇ. ಈಗ ಮುಖ್ಯ ಚರ್ಚಿನಲ್ಲಿ ಇರುವುದೂ ಇವಳೇ. ಆಗಸ್ಟ್ 7 ಇವಳ ಹಬ್ಬ, ರೂಪಾಂತರದ ಹಬ್ಬದ ಮಾರನೆಯ ದಿನ.

ಕರಗುತ್ತಾ ಹೋದ ಸಂಖ್ಯೆ

ಹೊಸ ಜಾಗಕ್ಕೆ ಬಂದ ಮೇಲೆ ಇತರ ಮಠಗಳಿಂದಲೂ ನಿರಾಶ್ರಿತರಾಗಿ ಸನ್ಯಾಸಿಗಳು ಬಂದು ಸೇರಿದರು. ಉತ್ತರದ ಪೆತ್ಸಮೊ ಮಠದವರು ಬಂದರು. ಲಡೋಗಾದ ಇನ್ನೊಂದು ದ್ವೀಪದ ಕೊನೆವಿತ್ಸಾ ಮಠದವರು ಬೇರೆ ಕಡೆ ಇದ್ದು, ಕೊನೆಗೆ 1956ರಲ್ಲಿ ಬಂದರು. ಆದರೂ ಸಂಖ್ಯೆ ಇಳಿಯುತ್ತಲೇ ಹೋಯಿತು. ಹೆಚ್ಚಿನವರು ರಷ್ಯನ್ ಮಾತಾಡುವ ವೃದ್ಧರು. ಸುತ್ತಮುತ್ತ ಫಿನ್ನಿಷ್ ಮಾತಾಡುವ ಲೂಥರನ್ ರೈತರು. 1957ರಲ್ಲಿ ಏಳು ಸನ್ಯಾಸಿಗಳು ಸೋವಿಯತ್ ಒಕ್ಕೂಟಕ್ಕೆ ವಾಪಸ್ ಹೋಗಿ ಪ್ಸ್ಕೊವ್ ಹತ್ತಿರದ ಮಠ ಸೇರಿಕೊಂಡರು. ಉಳಿದವರನ್ನು ಒಬ್ಬೊಬ್ಬರಾಗಿ ಅಲ್ಲಿನ ಪೈನ್ ಮರಗಳ ಕೆಳಗಿನ ಮಣ್ಣಿಗೆ ಕೊಡಲಾಯಿತು. 1970ರ ದಶಕ ಬರುವಷ್ಟರಲ್ಲಿ ಬೆರಳಲ್ಲಿ ಎಣಿಸುವಷ್ಟು ಜನ.

ಫಾದರ್ ಅಕಾಕಿ ಅನ್ನುವವರು ಆ ತಲೆಮಾರಿನ ಕೊನೆಯವರು. ಮೂಲದಲ್ಲಿ ಪೆತ್ಸಮೊ ಮಠದವರು. 1984ರಲ್ಲಿ ತೀರಿಕೊಂಡಾಗ ಅವರಿಗೆ 110 ವರ್ಷ.

ಅಷ್ಟರಲ್ಲಿ ಒಂದು ತಿರುವು ಬಂದಿತ್ತು. ಊರು ಕಳೆದುಕೊಂಡ ಕರೇಲಿಯಾದ ಜನ ದೇಶದ ಮೂಲೆ ಮೂಲೆಯಿಂದ ಹಬ್ಬಕ್ಕೆ ಇಲ್ಲಿಗೆ ಬರಲು ಶುರುಮಾಡಿದ್ದರು. ಅವರ ಹಿಂದೆ ಲೂಥರನ್ನರೂ ಬಂದರು, ಸುಮ್ನೆ ನೋಡಲು ಬಂದವರೂ ಇದ್ದರು. ಫಿನ್ನಿಷ್ ಮಾತಾಡುವ ಹುಡುಗರು ಸನ್ಯಾಸಿಗಳಾಗಲು ಬಂದರು. 1977ರಲ್ಲಿ ಮಠ ಎರಡು ದೊಡ್ಡ ಬದಲಾವಣೆ ಮಾಡಿಕೊಂಡಿತು. ಆರಾಧನೆಯ ಭಾಷೆ ಹಳೆಯ ಸ್ಲಾವೊನಿಕ್‌ನಿಂದ ಫಿನ್ನಿಷ್‌ಗೆ ಬಂತು. ಹಬ್ಬಗಳನ್ನು ಲೆಕ್ಕ ಹಾಕುವ ಪಂಚಾಂಗವೂ ಬದಲಾಯಿತು, ದೇಶದ ಉಳಿದ ಆರ್ಥೊಡಾಕ್ಸ್ ಜನ ಅನುಸರಿಸುವ ಹೊಸ ಪಂಚಾಂಗ ಬಂತು. ಪಂಚಾಂಗದ ವಿಷಯ ಸಣ್ಣದಲ್ಲ. 1920ರ ದಶಕದಲ್ಲಿ ದ್ವೀಪದ ಮೇಲೆ ಇದೇ ಕಾರಣಕ್ಕೆ ಸನ್ಯಾಸಿಗಳು ಎರಡು ಪಂಗಡ ಆಗಿದ್ದರು. 13 ದಿನದ ವ್ಯತ್ಯಾಸಕ್ಕಾಗಿ ಒಂದೇ ಮನೆಯವರು ಬೇರೆ ಬೇರೆ ದಿನ ಹಬ್ಬ ಮಾಡುವುದು ಎಷ್ಟು ನೋವಿನ ಸಂಗತಿ ಅಂತ ಏಕಾದಶಿ ಲೆಕ್ಕಕ್ಕೆ ಜಗಳ ನೋಡಿದವರಿಗೆ ಹೇಳಬೇಕಾಗಿಲ್ಲ.

1977ರ ಬಿಳಿ ಚರ್ಚ್

ಅದೇ 1977ರಲ್ಲಿ ಹೊಸ ಚರ್ಚಿನ ಪ್ರತಿಷ್ಠೆ ಆಯಿತು. ವಾಸ್ತುಶಿಲ್ಪಿ ಇವಾನ್ ಕುದ್ರಿಯಾವ್ತ್ಸೆವ್. ಹೆಸರು ಹಳೆಯದೇ, ಕ್ರಿಸ್ತನ ರೂಪಾಂತರ. ದ್ವೀಪದ ಕತೀಡ್ರಲ್ಲಿನ ಮೇಲಂತಸ್ತಿಗೆ ಇದ್ದ ಅದೇ ಹೆಸರು. ಸಮಾಧಿ ತರಲಾಗಲಿಲ್ಲ, ಕಟ್ಟಡ ತರಲಾಗಲಿಲ್ಲ, ಹೆಸರು ಮಾತ್ರ ಹೊತ್ತುಕೊಂಡು ಬಂದಿದ್ದರು. ಅದನ್ನು ಈಗ ಇಳಿಸಿದರು.

ದ್ವೀಪದ ಕತೀಡ್ರಲನ್ನೇ ನಕಲು ಮಾಡಬಹುದಿತ್ತು. ಮಾಡಲಿಲ್ಲ. ಆ 72 ಮೀಟರಿನ ಗೋಪುರ, ಮೈತುಂಬ ಅಲಂಕಾರ ಸಾಮ್ರಾಜ್ಯದ ಕಾಲದ್ದು. ಹೊಸದು ಅದಕ್ಕಿಂತ ತುಂಬ ಸರಳ. ಬಿಳಿ ಗೋಡೆ, ಈರುಳ್ಳಿ ಆಕಾರದ ಗುಮ್ಮಟ, ಗಂಟೆ ಗೋಪುರ. ಹಳೆಯ ರಷ್ಯನ್ ಉತ್ತರದ ಬಿಳಿ ಚರ್ಚುಗಳ ನೆನಪು ತರುತ್ತದೆ. ಕಡು ಹಸಿರು ಕಾಡು ಮತ್ತು ನೀರಿನ ನಡುವೆ ದೂರದಿಂದಲೇ ಕಾಣುತ್ತದೆ. ಅಲಂಕಾರ ಕಡಿಮೆ ಮಾಡಿದ್ದು ಸರಿಯಾದ ತೀರ್ಮಾನ ಅಂತ ನನ್ನ ಅಭಿಪ್ರಾಯ. ನಿರಾಶ್ರಿತರಾಗಿ ಬಂದವರ ಚರ್ಚ್ ಅರಮನೆಯ ಹಾಗೆ ಇದ್ದಿದ್ದರೆ ಪಕ್ಕದ ಮರದ ಚರ್ಚಿಗೆ ಅದು ಅಪರಿಚಿತ ಆಗುತ್ತಿತ್ತು.

ಗುಮ್ಮಟ ಯಾಕೆ ಈರುಳ್ಳಿಯ ಹಾಗೆ ಅಂತ ಎಲ್ಲರೂ ಕೇಳುತ್ತಾರೆ. ಹಿಮ ನಿಲ್ಲದೆ ಜಾರಲಿ ಅಂತ ಅನ್ನುವವರಿದ್ದಾರೆ. ಉರಿಯುವ ಮೇಣದ ಬತ್ತಿಯ ಜ್ವಾಲೆ ಅದು ಅನ್ನುವವರಿದ್ದಾರೆ. ಆಕಾರ ಎಲ್ಲಿಂದ ಬಂತು ಅನ್ನುವುದರಲ್ಲಿ ಇತಿಹಾಸಕಾರರ ವಾದ ಮುಗಿದಿಲ್ಲ. ಎಣಿಕೆಗೆ ಮಾತ್ರ ಅರ್ಥ ಹೇಳುವ ರೂಢಿ ಇದೆ. ಒಂದೇ ಗುಮ್ಮಟ ಇದ್ದರೆ ಕ್ರಿಸ್ತ, ಮೂರಿದ್ದರೆ ತ್ರಿತ್ವ, ಐದಿದ್ದರೆ ಕ್ರಿಸ್ತ ಮತ್ತು ಸುವಾರ್ತೆಯ ನಾಲ್ವರು. ಒಳಗಿನಿಂದ ನೋಡಿದರೆ ಗುಮ್ಮಟದ ಕೆಲಸ ಬೇರೆ. ಚೌಕಾಕಾರದ ನೆಲ ಭೂಮಿ, ಮೇಲಿನ ದುಂಡು ಆಕಾಶ. ಚೌಕದ ಮೇಲೆ ದುಂಡು ಕೂರಿಸುವುದು ಕಟ್ಟುವವರಿಗೆ ಕಷ್ಟದ ಲೆಕ್ಕ. ನಾಲ್ಕು ಮೂಲೆಗಳಲ್ಲಿ ತ್ರಿಕೋನದ ಹಾಗಿರುವ ಬಾಗಿದ ತುಂಡುಗಳು ಭಾರವನ್ನು ದುಂಡಿನಿಂದ ಕಂಬಗಳಿಗೆ ಇಳಿಸುತ್ತವೆ. ಬೈಜಾಂಟಿಯಮ್ಮಿನ, ಅಂದರೆ ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಸಾಮ್ರಾಜ್ಯದ ಮೇಸ್ತ್ರಿಗಳು ಆರನೆಯ ಶತಮಾನದಲ್ಲೇ ಇದನ್ನು ದೊಡ್ಡ ಪ್ರಮಾಣದಲ್ಲಿ ಸಾಧಿಸಿದ್ದರು. ಆಮೇಲೆ ಇಡೀ ಆರ್ಥೊಡಾಕ್ಸ್ ಜಗತ್ತು ಅದನ್ನು ಕೈಬಿಡಲಿಲ್ಲ.

ಒಳಗೆ ಹೋದವರಿಗೆ ಮೊದಲು ಅನ್ನಿಸುವುದು: ಕೂರಲು ಬೆಂಚುಗಳು ಎಲ್ಲಿ? ಗೋಡೆ ಪಕ್ಕ ವಯಸ್ಸಾದವರಿಗೆ ಒಂದಿಷ್ಟು ಆಸನ ಬಿಟ್ಟರೆ ನಡುವಿನ ನೆಲ ಖಾಲಿ. ಆರ್ಥೊಡಾಕ್ಸ್ ಆರಾಧನೆಯಲ್ಲಿ ನಿಲ್ಲುವುದೇ ಪದ್ಧತಿ, ಎಷ್ಟು ಹೊತ್ತಾದರೂ. ನೆಲ ಖಾಲಿ ಇರುವುದರಿಂದ ಜನ ಓಡಾಡುತ್ತಾರೆ, ಐಕಾನಿಗೆ ಮುತ್ತು ಕೊಡುತ್ತಾರೆ, ಬಗ್ಗಿ ಹಣೆ ನೆಲಕ್ಕೆ ಮುಟ್ಟಿಸುತ್ತಾರೆ. ಆರ್ಗನ್ ಇಲ್ಲ, ಬೇರೆ ವಾದ್ಯವೂ ಇಲ್ಲ. ಮನುಷ್ಯರ ದನಿ ಮಾತ್ರ. ಗುಮ್ಮಟ ಆ ದನಿಯನ್ನು ಹಿಡಿದು ತಿರುಗಿ ಕೊಡುತ್ತದೆ.

ಬಾಗಿಲ ಬಳಿ ಮೇಣದ ಬತ್ತಿ ಸಿಗುತ್ತದೆ. ಫಿನ್ನಿಷ್‌ನಲ್ಲಿ ಇದಕ್ಕೆ ಟುವೊಹುಸ್ ಅಂತ ಬೇರೆಯೇ ಹೆಸರು. ಮನೆಯಲ್ಲಿ ಕರೆಂಟು ಹೋದಾಗ ಹಚ್ಚುವ ದಪ್ಪ ಬತ್ತಿ ಅಲ್ಲ ಇದು. ಪೆನ್ಸಿಲ್ಲಿಗಿಂತ ಸಣ್ಣ, ಜೇನಿನ ಬಣ್ಣ. ಬೆರಳ ಬಿಸಿಗೇ ಸ್ವಲ್ಪ ಬಾಗುತ್ತದೆ. ಪಕ್ಕದಲ್ಲಿ ಉರಿಯುತ್ತಿರುವ ಯಾರದೋ ಬತ್ತಿಯಿಂದ ಹೊತ್ತಿಸಿ, ತಳವನ್ನು ಒಂದು ಕ್ಷಣ ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ, ಐಕಾನಿನ ಮುಂದಿನ ಹಿತ್ತಾಳೆ ದೀಪಸ್ತಂಭದ ಗುಳಿಗೆ ಒತ್ತಬೇಕು. ಇಲ್ಲದಿದ್ದರೆ ವಾಲುತ್ತದೆ. ಬದುಕಿರುವ ಒಬ್ಬರಿಗಾಗಿ, ಇಲ್ಲವೇ ತೀರಿಕೊಂಡ ಒಬ್ಬರಿಗಾಗಿ ಹಚ್ಚುವುದು. ಫಿನ್ಲೆಂಡಿನ ಆರ್ಥೊಡಾಕ್ಸ್ ಚರ್ಚುಗಳಿಗೆ ಈ ಬತ್ತಿಗಳನ್ನು ಮಾಡಿ ಕಳಿಸುವವರು ಲಿಂತುಲಾ ಕನ್ಯಾಮಠದವರು. ಅವರೂ ಕರೇಲಿಯಾದಿಂದಲೇ ಓಡಿಬಂದವರು. 1946ರಲ್ಲಿ ಇದೇ ಹೆಯ್ನಾವೆಸಿಯಲ್ಲಿ, ಸ್ವಲ್ಪ ದೂರದಲ್ಲಿ ನೆಲೆಯಾದರು. ಬೇಸಿಗೆಯಲ್ಲಿ ಎರಡು ಮಠಗಳ ನಡುವೆ ಸರೋವರದಲ್ಲಿ ದೋಣಿಯ ಮೇಲೆ ಹೋಗಿಬರಬಹುದು.

ದಿನಚರಿಯೇ ನಕ್ಷೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆ 37 ವರ್ಷ ಮಠವನ್ನು ಹಿಡಿದಿಟ್ಟದ್ದು ದಿನಚರಿ. ಆರ್ಥೊಡಾಕ್ಸ್ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. 'ಸಾಯಂಕಾಲವೂ ಪ್ರಾತಃಕಾಲವೂ ಆಗಿ ಮೊದಲನೆಯ ದಿನವಾಯಿತು' ಅಂತ ಬೈಬಲಿನ ಮೊದಲ ಪುಟದಲ್ಲೇ ಇದೆ. ಹಾಗಾಗಿ ಸಂಜೆಯ ಪ್ರಾರ್ಥನೆ ಅಂದರೆ ನಾಳಿನ ಆರಂಭ. ಬೆಳಿಗ್ಗೆ ಇನ್ನೊಂದು. ನಡುವೆ ಕೆಲಸ: ಅಡಿಗೆ, ತೋಟ, ಅತಿಥಿಗಳು, ಐಕಾನ್ ರಿಪೇರಿ. ಊಟವೂ ಆರಾಧನೆಯ ಮುಂದುವರಿಕೆ. ಅದಕ್ಕೇ ಮಠದ ಊಟದ ಮನೆಗೆ ಟ್ರಾಪೆಸಾ ಅನ್ನುವ ವಿಶೇಷ ಹೆಸರು, ಅದರಲ್ಲೂ ಐಕಾನ್, ಊಟದ ಹೊತ್ತಿಗೆ ಸಂತರ ಜೀವನ ಓದುವ ಪದ್ಧತಿ.

ಈ ದಿನಚರಿಯನ್ನು ನೆಲದ ಮೇಲೆ ಇಟ್ಟರೆ ಅದೇ ಮಠದ ನಕ್ಷೆ. ನಡುವೆ ಚರ್ಚ್, ಹತ್ತಿರದಲ್ಲೇ ಊಟದ ಮನೆ, ಸುತ್ತ ಸನ್ಯಾಸಿಗಳ ಕೋಣೆ, ಬಾಗಿಲ ಕಡೆಗೆ ಅತಿಥಿಗಳ ಮನೆ. ಹೊಸ ವಾಲಮೊ ಮೂಲದಲ್ಲಿ ಜಮೀನ್ದಾರರ ಮನೆ ಆಗಿದ್ದರಿಂದ ಈ ಕ್ರಮ ಒಂದೇ ಸಲಕ್ಕೆ ಬರಲಿಲ್ಲ. ಬೇಕಾದ ಹಾಗೆ, ದುಡ್ಡು ಬಂದ ಹಾಗೆ ಒಂದೊಂದೇ ಸೇರಿತು. 1984ರಲ್ಲಿ ಸಂಸ್ಕೃತಿ ಕೇಂದ್ರ ಬಂತು. ಮಠದ ಗ್ರಂಥಾಲಯ ಅಲ್ಲಿದೆ, ಹಳೆಯ ಐಕಾನುಗಳನ್ನು ಸರಿಪಡಿಸುವ ಕೆಲಸವೂ ಅಲ್ಲಿ ನಡೆಯುತ್ತದೆ. 1986ರಲ್ಲಿ ಸಾಮಾನ್ಯ ಜನರಿಗೆ ಪಾಠ ಹೇಳುವ ಶಾಲೆ ಶುರುವಾಯಿತು, ಐಕಾನ್ ಬರೆಯುವುದನ್ನೂ ಅಲ್ಲಿ ಕಲಿಯಬಹುದು. ಆ ವರ್ಷಗಳಲ್ಲಿ ಮಠಾಧೀಶರಾಗಿದ್ದವರು ಪಾಂಟೆಲೆಯ್ಮೋನ್, ಮುಂದೆ ಬಿಷಪ್ ಆದವರು. ವಸತಿಗೃಹ, ಊಟದ ಹೋಟೆಲ್, ಕಾಡುಹಣ್ಣುಗಳಿಂದ ಮಾಡುವ ವೈನ್ ಇವೆಲ್ಲ ಮಠದ ಖರ್ಚು ನಡೆಸುತ್ತವೆ. ಸನ್ಯಾಸಿಗಳು ಕೆಲವೇ ಜನ, ಅತಿಥಿಗಳು ತುಂಬಾ ಜನ. ಈ ಸಮತೋಲನ ಸುಲಭದ್ದಲ್ಲ. ಪ್ರವಾಸಿಗಳ ಬಸ್ಸು ಎಷ್ಟು ಬಂದರೂ ಗಂಟೆ ಹೊಡೆದಾಗ ಸನ್ಯಾಸಿ ಕೈಯಲ್ಲಿದ್ದದ್ದು ಬಿಟ್ಟು ಚರ್ಚಿಗೆ ಹೋಗಬೇಕು, ಅಷ್ಟು ನಡೆದರೆ ಅದು ಮಠ.

ದ್ವೀಪದ ಮಠಕ್ಕೂ 1989ರ ಕೊನೆಯಲ್ಲಿ ಸನ್ಯಾಸಿಗಳು ವಾಪಸ್ ಬಂದರು, ಈ ಸಲ ರಷ್ಯಾದ ಕಡೆಯಿಂದ. ಈಗ ಎರಡು ವಾಲಮೊ ಇವೆ. ದ್ವೀಪದಲ್ಲಿ ಸಮಾಧಿ ಮತ್ತು ಕತೀಡ್ರಲ್. ಹೆಯ್ನಾವೆಸಿಯಲ್ಲಿ ಮೋಡದ ಮೇಲೆ ನಿಂತ ದೇವಮಾತೆ.

ದ್ವೀಪದ ಗಂಟೆಗಳಲ್ಲೂ ಕೆಲವು ಹೆಯ್ನಾವೆಸಿಗೆ ಬಂದಿವೆ. ರಷ್ಯನ್ ಪದ್ಧತಿಯಲ್ಲಿ ಗಂಟೆ ತೂಗುವುದಿಲ್ಲ. ಅದು ತೊಲೆಗೆ ಬಿಗಿಯಾಗಿ ಕಟ್ಟಿರುತ್ತದೆ, ನಾಲಿಗೆಗೆ ಹಗ್ಗ. ಹೊಡೆಯುವವರು ಒಂದು ಕೈಯಲ್ಲಿ ಸಣ್ಣ ಗಂಟೆಗಳ ಹಗ್ಗಗಳನ್ನು ಹಿಡಿದು, ಇನ್ನೊಂದು ಕೈಯಲ್ಲಿ ನಡುವಿನ ಗಂಟೆಗಳನ್ನು ಎಳೆಯುತ್ತಾರೆ. ದೊಡ್ಡದಕ್ಕೆ ಕಾಲಲ್ಲಿ ತುಳಿಯುವ ಹಲಗೆ ಇರುವುದೂ ಉಂಟು. ಅದಕ್ಕೇ ಅಲ್ಲಿ ಕೇಳಿಸುವುದು ರಾಗವಲ್ಲ, ತಾಳ. ಮೊದಲು ದೊಡ್ಡ ಗಂಟೆ ನಿಧಾನವಾಗಿ, ಒಂದೊಂದೇ ಪೆಟ್ಟು. ಆಮೇಲೆ ಸಣ್ಣವು ಬಂದು ಸೇರಿಕೊಳ್ಳುತ್ತವೆ. ಸದ್ದು ಹಳೆಯ ಮರದ ಚರ್ಚಿನ ಮಾಡು ದಾಟಿ, ಸ್ಮಶಾನದ ಮರದ ಶಿಲುಬೆಗಳನ್ನು ದಾಟಿ, ಯುವೊಯಾರ್ವಿ ಸರೋವರದ ನೀರಿನ ಮೇಲೆ ಹೋಗುತ್ತದೆ.